ಬಂಡೆಯ ಬಿರುಕಿನಲ್ಲಿ ಗೂಡು ಕಟ್ಟಿದವರು: ಓಬದ್ಯನ 21 ವಚನಗಳ ಅಧ್ಯಯನ ಟಿಪ್ಪಣಿ

ಪರರಾಜ್ಯಗಳ ಮೇಲೆ ಹೀಬ್ರೂ ಪ್ರವಾದಿಗಳು ನುಡಿದ ತೀರ್ಪುಗಳನ್ನು ಓದಲು ಹೊರಟವರು ಸಾಮಾನ್ಯವಾಗಿ ಯೆಶಾಯನಿಂದಲೋ ಯೆಹೆಜ್ಕೇಲನಿಂದಲೋ ಶುರುಮಾಡುತ್ತಾರೆ. ಬಾಬೆಲ್ (ಬ್ಯಾಬಿಲೋನ್), ಮೋವಾಬ್, ತೂರ್, ಐಗುಪ್ತ (ಈಜಿಪ್ಟ್) ಎಂದು ದೇಶದ ಮೇಲೆ ದೇಶ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ. ಹೊಸಬರಿಗೆ ನಾನು ಹೇಳುವುದು, ಓಬದ್ಯನಿಂದ ಶುರುಮಾಡಿ ಎಂದು. ಹೀಬ್ರೂ ಬೈಬಲಿನ ಅತಿ ಚಿಕ್ಕ ಪುಸ್ತಕ ಅದು. ಒಂದೇ ಅಧ್ಯಾಯ, 21 ವಚನ. ಕಟಕಟೆಯಲ್ಲಿ ನಿಂತಿರುವುದೂ ಮುಖ್ಯವಾಗಿ ಒಂದೇ ಜನಾಂಗ: ಎದೋಮ್. ಗರ್ವವೆಂದರೆ ಪ್ರವಾದಿಗಳ ಲೆಕ್ಕದಲ್ಲಿ ಏನು, ಅದು ತೀರ್ಪಿಗೆ ಗುರಿಯಾಗುವುದು ಹೇಗೆ ಎಂಬುದು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಕೆಳಗೆ ಕೊಟ್ಟಿರುವ ವಚನಗಳ ಕನ್ನಡ ನನ್ನದೇ. ನಿಮ್ಮ ಕೈಯಲ್ಲಿರುವ ಬೈಬಲಿನ ಜೊತೆ ಇಟ್ಟು ಹೋಲಿಸಿ ನೋಡಿ.

ಮೊದಲು ನೆಲ

ಎದೋಮ್ ಮೃತಸಮುದ್ರದ ಆಗ್ನೇಯಕ್ಕಿದ್ದ ಎತ್ತರದ ಸೀಮೆ, ಇಂದಿನ ಜೋರ್ಡನ್ ದೇಶದ ದಕ್ಷಿಣ ಭಾಗ. ಕೆಂಪು ಮರಳುಗಲ್ಲಿನ ಬೆಟ್ಟಗಳು, ಕಡಿದಾದ ಕಣಿವೆಗಳು. ಫೈನಾನ್ ಕಣಿವೆಯಲ್ಲಿ ತಾಮ್ರದ ಗಣಿ. ದಮಸ್ಕದ ಕಡೆಗೆ ಹೋಗುವ ‘ರಾಜಮಾರ್ಗ’ ಈ ಸೀಮೆಯ ಮೂಲಕವೇ ಹಾದುಹೋಗುತ್ತಿತ್ತು. ಇಂಥ ಕಡೆ ಕೂತವನಿಗೆ ಕೆಳಗಿನಿಂದ ಯಾರೂ ಹತ್ತಿಬರಲಾರರು ಅನ್ನಿಸುವುದು ಸಹಜ. 3ನೆಯ ವಚನದಲ್ಲಿ ಅವನು ಮನಸ್ಸಿನಲ್ಲೇ ಅಂದುಕೊಳ್ಳುವುದೂ ಅದನ್ನೇ: “ನನ್ನನ್ನು ನೆಲಕ್ಕೆ ಇಳಿಸುವವರು ಯಾರು?”

ಅದೇ ವಚನ ಎದೋಮನ್ನು “ಬಂಡೆಯ ಬಿರುಕುಗಳಲ್ಲಿ ವಾಸಿಸುವವನೇ” ಎಂದು ಕರೆಯುತ್ತದೆ. ಬಂಡೆಗೆ ಹೀಬ್ರೂವಿನಲ್ಲಿ ‘ಸೆಲಾ’. ಎದೋಮಿನ ಒಂದು ಕೋಟೆಯ ಹೆಸರೂ ಸೆಲಾ (2 ಅರಸುಗಳು 14:7). ಕೇಳುತ್ತಿದ್ದವರ ಕಿವಿಗೆ ಎರಡೂ ಅರ್ಥ ಒಟ್ಟಿಗೆ ಬಿದ್ದಿರಬೇಕು. ಇಲ್ಲಿ ಒಂದು ಎಚ್ಚರಿಕೆ: ಓಬದ್ಯನ ಬಗ್ಗೆ ಬರೆದ ಕಡೆಗಳಲ್ಲಿ ಅದೇ ಸೀಮೆಯ ಪೆಟ್ರಾ ನಗರದ ಕಲ್ಲಿನ ಭವ್ಯ ಮುಖಮಂಟಪಗಳ ಚಿತ್ರ ಹಾಕಿರುತ್ತಾರೆ. ಅವನ್ನು ಕೊರೆದವರು ನಬತಾಯರು, ಎದೋಮ್ಯರ ರಾಜ್ಯ ಮುಗಿದು ಎಷ್ಟೋ ಕಾಲದ ಮೇಲೆ. ಆ ಚಿತ್ರವನ್ನು ಮನಸ್ಸಿನಿಂದ ತೆಗೆದುಬಿಡಿ.

ಕುದಿಯುವ ಮಾತು

ಗರ್ವಕ್ಕೆ ಹೀಬ್ರೂವಿನಲ್ಲಿ ಹಲವು ಪದಗಳಿವೆ. ಹೆಚ್ಚಿನವು ಎತ್ತರಕ್ಕೆ ಸಂಬಂಧಿಸಿದವು: ಗಾವೋನ್, ಗೋವಹ್, ರೂಮ್. ಕನ್ನಡಕ್ಕೆ ಈ ವಿಷಯದಲ್ಲಿ ಮೈಯೇ ಮುಖ್ಯ. ನಾವು ಕೊಬ್ಬು ಅನ್ನುತ್ತೇವೆ, ಬೀಗುತ್ತಾನೆ ಅನ್ನುತ್ತೇವೆ, ಸೊಕ್ಕು ಅನ್ನುತ್ತೇವೆ. ಓಬದ್ಯ ಆರಿಸಿಕೊಂಡದ್ದು ‘ಜಾದೋನ್’ ಎಂಬ ಪದ. ಅದರ ಧಾತುವಿನಲ್ಲಿರುವುದು ಕುದಿಯುವ, ಉಕ್ಕುವ ಅರ್ಥ. ಪಾತ್ರೆಯ ಅಂಚು ಮೀರಿ ಚೆಲ್ಲುವ ಸೊಕ್ಕು.

ಈಗ ಆದಿಕಾಂಡ 25:29 ತೆಗೆಯಿರಿ. ಯಾಕೋಬ ಅಡಿಗೆ ಕುದಿಸುತ್ತಿದ್ದಾನೆ, ಅಣ್ಣ ಏಸಾವ ಹೊಲದಿಂದ ದಣಿದು ಬರುತ್ತಾನೆ. ‘ವಯ್ಯಾಜೆದ್ ಯಾಕೋಬ್ ನಾಜೀದ್’ ಎನ್ನುತ್ತದೆ ಮೂಲ. ಕುದಿಸಿದ ಎಂಬ ಕ್ರಿಯಾಪದ, ಕುದಿಸಿದ ಪದಾರ್ಥ, ಎರಡಕ್ಕೂ ಜಾದೋನ್ ಪದದ ಧಾತುವೇ. ಚನ್ನಂಗಿ ಬೇಳೆಯ ಆ ಕೆಂಪು ಅಡಿಗೆಗಾಗಿ ಏಸಾವ ಚೊಚ್ಚಲ ಮಗನ ಹಕ್ಕನ್ನೇ ಮಾರಿದ; ಆ ಕೆಂಪಿನಿಂದಲೇ, ಎಂದರೆ ‘ಆದೋಮ್’ ಎಂಬ ಪದದಿಂದ, ಅವನಿಗೆ ಎದೋಮ್ ಎಂಬ ಹೆಸರು ಬಂತೆಂದು ಮುಂದಿನ ವಚನ ಹೇಳುತ್ತದೆ. ಎದೋಮ್ಯರು ಏಸಾವನ ಸಂತತಿ; ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದದವರು ಯಾಕೋಬನ ಸಂತತಿ. ಹಾಗಾಗಿ ಎದೋಮಿಗೆ “ನಿನ್ನ ಎದೆಯ ಜಾದೋನ್” ಎನ್ನುವಾಗ ಆ ಹಳೆಯ ಒಲೆಯ ಕುದಿತವೂ ಹಿಂದೆಲ್ಲೋ ಕೇಳಿಸುತ್ತದೆ. ಕವಿ ಇದನ್ನು ಬೇಕೆಂದೇ ಹೊಂದಿಸಿದನೆಂದು ನಾನು ಸಾಧಿಸಲಾರೆ. ಯೆರೆಮೀಯ 49:16ರಲ್ಲೂ ಎದೋಮಿನ ಬಗ್ಗೆ ಇದೇ ಮಾತಿದೆ, ಇಬ್ಬರೂ ಹಳೆಯದೊಂದು ನುಡಿಯನ್ನು ಬಳಸಿಕೊಂಡಿರಬಹುದು. ಆದರೆ ಒಮ್ಮೆ ಕೇಳಿಸಿದ ಮೇಲೆ ಕಿವಿಯಿಂದ ಹೋಗುವುದಿಲ್ಲ.

ಇನ್ನು ಆ ವಾಕ್ಯದ ಕ್ರಿಯಾಪದ: “ನಿನ್ನ ಎದೆಯ ಸೊಕ್ಕು ನಿನ್ನನ್ನು ಮೋಸಗೊಳಿಸಿದೆ.” ಏದೆನ್ ತೋಟದಲ್ಲಿ ಹವ್ವಳು “ಸರ್ಪವು ನನ್ನನ್ನು ವಂಚಿಸಿತು” ಎನ್ನುವಾಗ ಬಳಸುವುದು ಇದೇ ಕ್ರಿಯಾಪದ. ಅಶ್ಶೂರದ (ಅಸ್ಸೀರಿಯಾದ) ಅರಸ ಸನ್ಹೇರೀಬ ಯೆರೂಸಲೇಮಿಗೆ ಕಳಿಸಿದ ಬೆದರಿಕೆಯಲ್ಲೂ ಅದೇ ಇದೆ: “ನೀನು ನಂಬಿರುವ ನಿನ್ನ ದೇವರು ನಿನ್ನನ್ನು ಮೋಸಗೊಳಿಸದಿರಲಿ” (2 ಅರಸುಗಳು 19:10). ಬಲಿಷ್ಠನ ಪ್ರಕಾರ ಮೋಸ ಮಾಡುವುದು ದೇವರ ಮೇಲಿನ ನಂಬಿಕೆ. ಪ್ರವಾದಿಯ ಪ್ರಕಾರ ಬಲಿಷ್ಠನ ಸೊಕ್ಕೇ ಮೋಸ ಮಾಡುತ್ತದೆ. ಗರ್ವವನ್ನು ಇಲ್ಲಿ ಬರೀ ಕೆಟ್ಟ ಗುಣವೆಂದು ಓದಿದರೆ ಸಾಲದು. ಅದು ಕಣ್ಣಿಗೆ ಕಟ್ಟಿದ ಬಟ್ಟೆ. ಎದೋಮಿಗೆ ತನ್ನ ಬೆಟ್ಟದ ಎತ್ತರ ಕಾಣುತ್ತದೆ, ಅದರ ಮೇಲಿರುವವನು ಕಾಣುವುದಿಲ್ಲ. “ಹದ್ದಿನಂತೆ ಮೇಲೇರಿದರೂ, ನಕ್ಷತ್ರಗಳ ನಡುವೆ ಗೂಡು ಕಟ್ಟಿದರೂ, ಅಲ್ಲಿಂದ ನಿನ್ನನ್ನು ಇಳಿಸುವೆನು” ಎಂಬುದು “ಇಳಿಸುವವರು ಯಾರು?” ಎಂಬ ಪ್ರಶ್ನೆಗೆ ನೇರ ಉತ್ತರ, ಪ್ರಶ್ನೆಯಲ್ಲಿದ್ದ ಕ್ರಿಯಾಪದವನ್ನೇ ಉತ್ತರದಲ್ಲೂ ಹಿಡಿದಿದೆ.

ಎದುರಿಗೆ ನಿಂತು ನೋಡಿದ ದಿನ

ಪುಸ್ತಕದ ಹೃದಯ 10ರಿಂದ 14ನೆಯ ವಚನ. ಇಲ್ಲಿ ನಿಧಾನವಾಗಿ ಓದಿ.

ಹಿನ್ನೆಲೆ ಹೆಚ್ಚಿನ ವಿದ್ವಾಂಸರ ಪ್ರಕಾರ ಕ್ರಿ.ಪೂ. 586 (587 ಎಂದೂ ಲೆಕ್ಕ ಹಾಕುತ್ತಾರೆ). ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಸುಟ್ಟ ವರ್ಷ. ಪ್ರವಾದಿ ಆರೋಪಪಟ್ಟಿಯನ್ನು ಓದುತ್ತಾನೆ: ಪರಕೀಯರು ನಿನ್ನ ಸಹೋದರ ಯಾಕೋಬನ ಸೊತ್ತನ್ನು ಹೊತ್ತೊಯ್ದ ದಿನ ನೀನು ಎದುರಿಗೆ ನಿಂತಿದ್ದೆ, ನೀನೂ ಅವರಲ್ಲಿ ಒಬ್ಬನಂತಿದ್ದೆ. ಆಮೇಲೆ ಎಂಟು ‘ಬೇಡ’ಗಳು: ಸಹೋದರನ ಕೇಡಿನ ದಿನವನ್ನು ನೋಡುತ್ತ ನಿಲ್ಲಬೇಡ, ಹಿಗ್ಗಬೇಡ, ಬಾಯಿ ದೊಡ್ಡದು ಮಾಡಬೇಡ; ಬಾಗಿಲು ಹೊಗಬೇಡ, ಅವನ ಸಂಕಟವನ್ನು ನೋಡಬೇಡ, ಸೊತ್ತಿಗೆ ಕೈಹಾಕಬೇಡ; ಕವಲುದಾರಿಯಲ್ಲಿ ನಿಂತು ಓಡಿಹೋಗುವವರನ್ನು ಕಡಿಯಬೇಡ, ಉಳಿದವರನ್ನು ಹಿಡಿದುಕೊಡಬೇಡ.

ಕ್ರಮ ಗಮನಿಸಿ. ಮೊದಲು ದೂರದಿಂದ ಬರೀ ನೋಟ, ನಂತರ ನಗು, ನಂತರ ಮಾತು. ಆಮೇಲೆ ಕಾಲು ಬಾಗಿಲು ದಾಟುತ್ತದೆ, ಕೈ ಸೊತ್ತಿನ ಮೇಲೆ ಬೀಳುತ್ತದೆ, ಕೊನೆಗೆ ಕತ್ತಿ. ಬೆಟ್ಟದ ಮೇಲಿನ ಸೊಕ್ಕು ಮೆಟ್ಟಿಲು ಮೆಟ್ಟಿಲಾಗಿ ಸಹೋದರನ ಬಾಗಿಲಿಗೆ ಇಳಿದುಬರುವುದು ಹೀಗೆ. ಇನ್ನೊಂದು ವಿಚಿತ್ರವೆಂದರೆ, ನಡೆದುಹೋದ ಅಪರಾಧವನ್ನು ಪ್ರವಾದಿ “ಮಾಡಬೇಡ” ಎಂಬ ರೂಪದಲ್ಲಿ ಹೇಳುತ್ತಾನೆ. ಅನೇಕ ಅನುವಾದಗಳು ಅದನ್ನು “ಮಾಡಬಾರದಿತ್ತು” ಎಂದು ಸರಿಪಡಿಸುತ್ತವೆ. ಮೂಲದ ರೂಪದಲ್ಲಿ ನನಗೆ ಕೇಳಿಸುವುದು, ಕಣ್ಣೆದುರಿಗೇ ಮತ್ತೆ ನಡೆಯುತ್ತಿರುವುದನ್ನು ತಡೆಯಲು ಕೂಗುವವನ ದನಿ.

‘ದಿನ’ ಎಂಬ ಪದ 11ರಿಂದ 14ರೊಳಗೆ 10 ಸಲ ಬಡಿಯುತ್ತದೆ. ಕೇಡಿಗೆ ಬಳಸಿದ ಪದ ‘ಏದ್’. 13ನೆಯ ವಚನದ ‘ಏದಾಮ್’ (ಅವರ ಕೇಡು) ಎಂಬ ರೂಪ ಎದೋಮ್ ಎಂಬ ಹೆಸರಿಗೆ ತೀರ ಹತ್ತಿರ. ಸಹೋದರನ ಕೇಡಿನಲ್ಲೇ ಎದೋಮಿನ ಹೆಸರು ಕೇಳಿಸುವಂತಿದೆ.

ಎದೋಮಿನ ಮೇಲಿನ ಈ ನೋವು ಕೀರ್ತನೆ 137:7ರಲ್ಲೂ ಪ್ರಲಾಪಗಳು 4:21–22ರಲ್ಲೂ ಇದೆ. ಯೆಹೂದದ ದಕ್ಷಿಣದ ಅರಾದ್ ಕೋಟೆಯಲ್ಲಿ ಸಿಕ್ಕ ಮಡಕೆಚೂರಿನ ಪತ್ರವೊಂದು, ಎದೋಮ್ಯರು ಅಲ್ಲಿಗೆ ಬಂದಾರೆಂಬ ಭಯದಿಂದ ರಾಮತ್-ನೆಗೆವ್‌ಗೆ ತಕ್ಷಣ ಜನ ಕಳಿಸಲು ಆಜ್ಞಾಪಿಸುತ್ತದೆ. ಆದರೂ ನ್ಯಾಯವಾಗಿ ಓದುವವರು ಯೆರೆಮೀಯ 40:11ನ್ನು ಮರೆಯಬಾರದು: ಯೆಹೂದದಿಂದ ಓಡಿಹೋದವರಲ್ಲಿ ಕೆಲವರು ಆಶ್ರಯ ಪಡೆದದ್ದು ಎದೋಮಿನಲ್ಲೇ. ಬೆಟ್ಟದ ಮೇಲಿದ್ದವರೆಲ್ಲ ಕವಲುದಾರಿಯಲ್ಲಿ ಕತ್ತಿ ಹಿಡಿದು ನಿಂತಿರಲಿಲ್ಲ.

ಬಂಡೆಯ ಮೇಲೆ ಬಾಬೆಲಿನ ಅರಸ

7ನೆಯ ವಚನ: “ನಿನ್ನ ಒಡಂಬಡಿಕೆಯವರೆಲ್ಲ ನಿನ್ನನ್ನು ಗಡಿಯ ತನಕ ಅಟ್ಟಿದರು.” ಇದನ್ನು ಓದುವಾಗ ನನಗೆ ನೆನಪಾಗುವುದು ಜೋರ್ಡನ್ನಿನ ತಫೀಲಾ ಬಳಿಯ ಅಸ್-ಸಿಲಾ ಎಂಬ ಬಂಡೆಬೆಟ್ಟ. ಹಳೆಯ ಸೆಲಾ ಇದೇ ಎಂದು ಹಲವರ ಅಭಿಪ್ರಾಯ. ಅದರ ಕಡಿದಾದ ಮೈಯಲ್ಲಿ ಬಾಬೆಲಿನ ಅರಸನೊಬ್ಬನ ಉಬ್ಬುಶಿಲ್ಪ ಇದೆ. ಜೊತೆಗೆ ಸವೆದುಹೋದ ಬೆಣೆಲಿಪಿ, ಚಂದ್ರ, ಸೂರ್ಯ, ನಕ್ಷತ್ರದ ಚಿಹ್ನೆಗಳು. ಅವನು ನಬೊನಿಡಸ್ (ಕ್ರಿ.ಪೂ. 556–539) ಎಂದು ಗುರುತಿಸುತ್ತಾರೆ. ಯೆರೂಸಲೇಮನ್ನು ಸುಟ್ಟ ಅದೇ ಬಾಬೆಲ್, ಕೆಲವು ದಶಕಗಳಲ್ಲೇ ಎದೋಮಿನ ಬಂಡೆಯ ಮೇಲೆ ತನ್ನ ಅರಸನನ್ನು ಕೊರೆಯಿತು. ಎದೋಮ್ಯರ ಒಂದು ಭಾಗ ಯೆಹೂದದ ದಕ್ಷಿಣಕ್ಕೆ ಸರಿದು, ಮುಂದೆ ಇದೂಮಾಯ ಎಂಬ ಹೆಸರಿನಲ್ಲಿ ಉಳಿಯಿತು.

ಅಶ್ಶೂರವನ್ನು ಪಕ್ಕಕ್ಕಿಟ್ಟು ನೋಡಿ

ಹೋಲಿಕೆಗೆ ಯೆಶಾಯ 10:5–15 ಓದಿ. ಅಲ್ಲಿ ಅಶ್ಶೂರವೇ ದೇವರ ಕೋಪದ ಕೋಲು. ಆದರೆ ಕೋಲು ತನ್ನನ್ನು ಹಿಡಿದ ಕೈಯನ್ನು ಮರೆಯುತ್ತದೆ. “ಕಡಿಯುವವನ ಮುಂದೆ ಕೊಡಲಿ ಜಂಬ ಕೊಚ್ಚಿಕೊಂಡೀತೇ?” ಕ್ರಿ.ಪೂ. 701ರ ದಂಡಯಾತ್ರೆಯ ಬಗ್ಗೆ ಸನ್ಹೇರೀಬನ ಶಾಸನವೂ ನಮ್ಮ ಕೈಯಲ್ಲಿದೆ: ಕೋಟೆಯುಳ್ಳ 46 ಊರು ಹಿಡಿದೆ, 2,00,150 ಜನರನ್ನು ಹೊರತಂದೆ, ಯೆಹೂದದ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು. ಅಶ್ಶೂರದ ಸೊಕ್ಕು ಗೆದ್ದವನದು, ಎದೋಮಿನದು ಪಕ್ಕದ ಮನೆ ಉರಿಯುವಾಗ ತನ್ನ ಮನೆ ಭದ್ರವೆಂದು ಕೂತವನದು.

ಈ ಭಾಗಗಳನ್ನು ಹಿಡಿದು ಇವತ್ತಿನ ಯಾವುದೋ ವೈರಿ ದೇಶದ ಕಡೆ ಬೊಟ್ಟು ಮಾಡುವ ವ್ಯಾಖ್ಯಾನಗಳು ಬೇಕಾದಷ್ಟಿವೆ. ನನಗೆ ಅವು ಒಪ್ಪಿಗೆಯಿಲ್ಲ. ಆಮೋಸನು ಎದೋಮನ್ನು ಖಂಡಿಸಿದ ಬಾಯಲ್ಲೇ “ಯಾಕೋಬನ ಗಾವೋನ್ ನನಗೆ ಅಸಹ್ಯ” ಎಂಬ ದೇವರ ಮಾತನ್ನೂ ಸಾರಿದ (6:8).

ಕೊನೆಯ ವಚನಗಳು

ಹತ್ತು ಸಲ ಬಡಿದ ‘ದಿನ’ 15ರಲ್ಲಿ ಮತ್ತೆ ಬರುತ್ತದೆ, ಈ ಸಲ “ಯೆಹೋವನ ದಿನ”ವಾಗಿ, “ಎಲ್ಲಾ ಜನಾಂಗಗಳ ಮೇಲೆ.” “ನೀನು ಮಾಡಿದಂತೆಯೇ ನಿನಗೆ ಮಾಡಲಾಗುವುದು.” 17ರಿಂದ 20ರವರೆಗೆ ಯಾರ ಭೂಮಿ ಯಾರಿಗೆ ಎಂಬ ಪಟ್ಟಿ, ಅದರಲ್ಲಿ ಹೆಸರುಗಳ ಗೊಂದಲ ಬಹಳ, ಮೊದಲ ಓದಿಗೆ ದಾಟಿಹೋಗಬಹುದು. 21ರಲ್ಲಿ ನಿಲ್ಲಿ. ರಕ್ಷಕರು ಯೆರೂಸಲೇಮಿನ ಚೀಯೋನ್ ಬೆಟ್ಟವನ್ನೇರಿ ಏಸಾವನ ಬೆಟ್ಟಕ್ಕೆ ನ್ಯಾಯತೀರಿಸುತ್ತಾರೆ ಎಂದಾಗ, ಮುಂದೆ ದಾವೀದನ ವಂಶದ ಅರಸನ ಹೆಸರು ಬಂದೀತೆಂದು ಕಾಯುತ್ತೇವೆ. ಬರುವುದಿಲ್ಲ. ಎದೋಮಿನ ಕೈತಪ್ಪಿದ ಎತ್ತರವನ್ನು ಯೆಹೂದದ ಯಾವ ಮನುಷ್ಯನ ಕೈಗೂ ಕೊಡದೆ ಪುಸ್ತಕ ಮೂರು ಪದಗಳಲ್ಲಿ ಮುಗಿಯುತ್ತದೆ: “ರಾಜ್ಯವು ಯೆಹೋವನದೇ ಆಗುವುದು.”