ಕೊನೆಯ ಸಾಲಿಗೂ ಕಾಮಾ ಯಾಕೆ?

ಪ್ರಶ್ನೆ: ಪೈಥಾನ್‌ನಲ್ಲಿ ಲಿಸ್ಟ್ ಬರೆದಾಗ ಕೊನೆಯ ಐಟಂ ಆದಮೇಲೂ ಕಾಮಾ ಹಾಕಿ ಅಂತ ನಮ್ಮ ಸೀನಿಯರ್ ಪ್ರತಿ ರಿವ್ಯೂನಲ್ಲೂ ಬರೆಯುತ್ತಾರೆ. ಅದಿಲ್ಲದೆಯೂ ಕೋಡ್ ಓಡುತ್ತದೆ. ಇದು ಸುಮ್ನೆ ಹಠ ಅಲ್ವಾ?

ಓಡುತ್ತದೆ, ನಿಜ. ಪೇಚಾಟ ಶುರುವಾಗುವುದು ಇನ್ನಾರೋ ಬಂದು ಅದೇ ಪಟ್ಟಿಗೆ ಒಂದು ಸಾಲು ಸೇರಿಸಿದಾಗ. ಇದನ್ನು ನೋಡಿ:

ಊರುಗಳು = [
    "ಗದಗ",
    "ಧಾರವಾಡ",
    "ಹಾಸನ"
    "ಹಾವೇರಿ"
]

(ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು. ಆಫೀಸಿನಲ್ಲಿ ಇಟ್ಟರೆ ಏನಂತಾರೋ ಗೊತ್ತಿಲ್ಲ!)

ಎಷ್ಟು ಊರು? ನಾವು ಎಣಿಸಿದರೆ ನಾಲ್ಕು, ಪೈಥಾನ್ ಎಣಿಸಿದರೆ ಮೂರು. ನಡುವೆ ಕಾಮಾ ಇಲ್ಲದೆ ಅಕ್ಕಪಕ್ಕ ಎರಡು ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಪಠ್ಯ) ಸಿಕ್ಕರೆ ಅದು ಎರಡನ್ನೂ ಅಂಟಿಸಿ ಒಂದು ಮಾಡುತ್ತದೆ. ಸಿ ಭಾಷೆಯಲ್ಲೂ ಹೀಗೇ. ಎರರ್ ಇಲ್ಲ, ಏನೂ ಇಲ್ಲ. ಇಂಥದ್ದೇ ಒಂದು ಪಟ್ಟಿಯ ಹಿಂದೆ ನಾನು ಅರ್ಧ ದಿನ ಕಳೆದಿದ್ದೇನೆ. ರಿಪೋರ್ಟ್‌ನಲ್ಲಿ ಎರಡು ಊರು ಕಾಣೆ. ಡೇಟಾಬೇಸ್ ಮೇಲೆ ಅನುಮಾನ ಪಟ್ಟೆ, ಫಿಲ್ಟರ್ ಮೇಲೆ ಅನುಮಾನ ಪಟ್ಟೆ. ಕೊನೆಗೆ ಪಟ್ಟಿಯನ್ನು ಪ್ರಿಂಟ್ ಮಾಡಿದರೆ ‘ಹಾಸನಹಾವೇರಿ’ ಅನ್ನುವ ಹೊಸ ಊರು ಹುಟ್ಟಿಕೊಂಡಿತ್ತು. ಸಾಲು ಸೇರಿಸಿದ್ದವನು ನಾನೇ.

‘ಹಾಸನ’ದ ಮುಂದೆ ಮೊದಲೇ ಕಾಮಾ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಇನ್ನೊಂದು ಲಾಭ, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ. ಕಾಮಾ ಇಲ್ಲದ ಪಟ್ಟಿಗೆ ಹಾವೇರಿ ಸೇರಿಸಬೇಕಾದರೆ ಹಾಸನದ ಸಾಲನ್ನೂ ಮುಟ್ಟಬೇಕು. ಡಿಫ್‌ನಲ್ಲಿ, ಅಂದರೆ ಏನೇನು ಬದಲಾಯಿತು ಎಂದು ತೋರಿಸುವಲ್ಲಿ, ಆ ಸಾಲೂ ಬದಲಾದಂತೆ ಕಾಣುತ್ತದೆ. ಮುಂದೆ ಯಾರಾದರೂ ಯಾವ ಸಾಲು ಯಾರದ್ದು ಎಂದು ಗಿಟ್ ಬ್ಲೇಮ್ ಹಾಕಿ ನೋಡಿದರೆ, ನೀವು ಬರೆಯದ ಹಾಸನವೂ ನಿಮ್ಮ ಹೆಸರಿನಲ್ಲೇ.

ಹಾಗಂತ ಎಲ್ಲ ಕಡೆ ಕಾಮಾ ತುಂಬಬೇಡಿ. ಪಟ್ಟಿ ಒಂದೇ ಸಾಲಿನಲ್ಲಿ ಮುಗಿಯುವುದಾದರೆ ಕೊನೆಯ ಕಾಮಾ ಬೇಡ. ಪೈಥಾನ್‌ನ ಶೈಲಿ ಕೈಪಿಡಿ ಪೆಪ್ 8 ಕೂಡ ಇದನ್ನೇ ಹೇಳುತ್ತದೆ. ‘ವಯಸ್ಸು = 30,’ ಎಂದು ಬರೆದರಂತೂ ಅದು ಸಂಖ್ಯೆಯೇ ಅಲ್ಲ, ಒಂದೇ ಐಟಂ ಇರುವ ಟ್ಯೂಪಲ್ (ಬದಲಿಸಲಾಗದ ಪಟ್ಟಿ). ಡೇಟಾ ಬರೆದಿಡುವ ಜೇಸನ್ ಫೈಲ್‌ನಲ್ಲಿ ಕೊನೆಯ ಕಾಮಾ ತಪ್ಪೇ ತಪ್ಪು. ಗೋ ಭಾಷೆ ಪೂರ್ತಿ ಉಲ್ಟಾ: ಮುಚ್ಚುವ ಬ್ರಾಕೆಟ್ ಮುಂದಿನ ಸಾಲಿನಲ್ಲಿದ್ದರೆ ಕಾಮಾ ಇರಲೇಬೇಕು, ಇಲ್ಲದಿದ್ದರೆ ಕಂಪೈಲೇ ಆಗುವುದಿಲ್ಲ.

ನಿಮ್ಮ ಸೀನಿಯರ್ ಹೇಳುವುದು ಸರಿ. ಆದರೆ ಅದನ್ನು ಪ್ರತಿ ಸಲ ಕೈಯಾರೆ ಬರೆಯುವುದು ದಂಡ. ಕೋಡ್‌ನ ಜೋಡಣೆಯನ್ನು ತಾನೇ ಸರಿಪಡಿಸುವ ಬ್ಲ್ಯಾಕ್ ಎಂಬ ಫಾರ್ಮ್ಯಾಟರನ್ನು ಕಮಿಟ್‌ಗೆ (ಬದಲಾವಣೆಯನ್ನು ಗಿಟ್‌ಗೆ ಸೇರಿಸುವುದಕ್ಕೆ) ಮುಂಚೆ ಓಡುವಂತೆ ಇಡಿ. ಕೊನೆಯ ಕಾಮಾ ಇದ್ದರೆ ಅದು ಪಟ್ಟಿಯನ್ನು ಸಾಲಿಗೊಂದರಂತೆ ಉಳಿಸುತ್ತದೆ. ಇಲ್ಲದಿದ್ದರೆ, 88 ಅಕ್ಷರದೊಳಗೆ ಹಿಡಿಸುವ ಪಟ್ಟಿಯನ್ನು ಎಳೆದು ಒಂದೇ ಸಾಲಿಗೆ ತರುತ್ತದೆ. ಬಿಟ್ಟುಹೋದ ನಡುವಿನ ಕಾಮಾವನ್ನು ಮಾತ್ರ ಅದು ಹಾಕಿಕೊಡುವುದಿಲ್ಲ, ಅದರ ಲೆಕ್ಕಕ್ಕೆ ‘ಹಾಸನಹಾವೇರಿ’ಯೂ ಸರಿಯಾದ ಪೈಥಾನೇ.