ಅಮೆರಿಕದ ಅಧ್ಯಕ್ಷರಿಗೆ ಎರಡೇ ಅವಧಿ, ಅಲ್ಲಿನ ಸಂಸದರಿಗೆ ಮಿತಿ ಏಕಿಲ್ಲ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಎರಡು ಸಲ ಗೆದ್ದವರು ಮತ್ತೆ ಅಧ್ಯಕ್ಷರಾಗುವಂತಿಲ್ಲ. ಆದರೆ ಅಲ್ಲಿನ ಸೆನೆಟರುಗಳು ಮೂವತ್ತು ನಲವತ್ತು ವರ್ಷ ಕುರ್ಚಿ ಬಿಡುವುದಿಲ್ಲ. ಅವರಿಗೂ ಇಷ್ಟೇ ಅವಧಿ ಎಂದು ಒಂದು ಕಾನೂನು ಮಾಡಿದರೆ ಮುಗಿಯಿತಲ್ಲ, ಏಕೆ ಮಾಡುತ್ತಿಲ್ಲ?

ಉತ್ತರ: ಮಾಮೂಲಿ ಕಾನೂನಿನಿಂದ ಈ ಕೆಲಸ ಆಗುವುದಿಲ್ಲ. ಸಂವಿಧಾನವನ್ನೇ ತಿದ್ದಬೇಕು. ಆ ತಿದ್ದುಪಡಿಗೆ ಮೊದಲು ಕೈ ಎತ್ತಬೇಕಾದವರು, ಯಾರ ಕುರ್ಚಿಗೆ ಮಿತಿ ಬೀಳುತ್ತದೋ ಅದೇ ಸದಸ್ಯರು. ಜನರ ಬೆಂಬಲಕ್ಕೇನೂ ಕೊರತೆಯಿಲ್ಲ. ಪ್ಯೂ ಸಂಶೋಧನಾ ಸಂಸ್ಥೆ 2023ರಲ್ಲಿ ಕೇಳಿದಾಗ ನೂರಕ್ಕೆ 87 ಅಮೆರಿಕನ್ನರು ಮಿತಿ ಬೇಕು ಎಂದಿದ್ದರು. ಇಷ್ಟು ಬೆಂಬಲವಿದ್ದೂ ಮೂವತ್ತು ವರ್ಷಗಳಿಂದ ಕೆಲಸ ಕೈಗೂಡದಿರುವುದಕ್ಕೆ ಕಾರಣ ಸಂವಿಧಾನದ ರಚನೆಯಲ್ಲೇ ಇದೆ.

ಅಮೆರಿಕದಲ್ಲಿ 'ಕಾಂಗ್ರೆಸ್' ಎಂದರೆ ಪಕ್ಷವಲ್ಲ, ಸಂಸತ್ತು. ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರು, ತಲಾ ಎರಡು ವರ್ಷದ ಅವಧಿ. ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಮಂದಿ, ಆರು ವರ್ಷದ ಅವಧಿ. ಎಷ್ಟು ಸಲ ಬೇಕಾದರೂ ಸ್ಪರ್ಧಿಸಬಹುದು. ಮಿಷಿಗನ್‌ನ ಜಾನ್ ಡಿಂಗೆಲ್ 1955ರ ಡಿಸೆಂಬರ್‌ನಲ್ಲಿ ಒಳಗೆ ಬಂದವರು, ಹೊರಗೆ ಹೋದದ್ದು 2015ರ ಜನವರಿಯಲ್ಲಿ. ಐವತ್ತೊಂಬತ್ತು ವರ್ಷ!

ಮಿತಿಯ ಕಲ್ಪನೆ ಆ ದೇಶಕ್ಕೆ ಹೊಸದೂ ಅಲ್ಲ. ಈಗಿನ ಸಂವಿಧಾನಕ್ಕೂ ಮೊದಲು, 1781ರಿಂದ ಜಾರಿಯಲ್ಲಿದ್ದ ಒಕ್ಕೂಟದ ಒಪ್ಪಂದದಲ್ಲಿ, ಯಾವ ಪ್ರತಿನಿಧಿಯೂ ಆರು ವರ್ಷಗಳಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ ಎಂದು ಬರೆದಿತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನ ಬರೆದವರು ಆ ಸಾಲನ್ನು ಕೈಬಿಟ್ಟರು. ಅಧ್ಯಕ್ಷರಿಗೂ ಆಗ ಮಿತಿ ಇರಲಿಲ್ಲ. ಜಾರ್ಜ್ ವಾಷಿಂಗ್ಟನ್ ಎರಡು ಅವಧಿಗೆ ಸಾಕೆಂದು ಇಳಿದದ್ದೇ ಪದ್ಧತಿಯಾಗಿ ನಡೆದುಬಂತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 1932, 1936, 1940, 1944 ಎಂದು ನಾಲ್ಕು ಸಲ ಗೆದ್ದ ಮೇಲೆ 1947ರಲ್ಲಿ ಕಾಂಗ್ರೆಸ್ 22ನೇ ತಿದ್ದುಪಡಿಯನ್ನು ರಾಜ್ಯಗಳಿಗೆ ಕಳಿಸಿತು. 1951ರ ಫೆಬ್ರವರಿಯಲ್ಲಿ ಅದು ಅಂಗೀಕಾರವಾಯಿತು. ಗಮನಿಸಿ, ಅಲ್ಲಿ ಕಾಂಗ್ರೆಸ್ ಮಿತಿ ಹಾಕಿದ್ದು ಬೇರೆಯವರ ಕುರ್ಚಿಗೆ.

ಇನ್ನು ಸಂಸದರ ವಿಷಯ. ಪ್ರತಿನಿಧಿ ಸಭೆಗೆ ಸಂವಿಧಾನ ಕೇಳುವ ಅರ್ಹತೆ ಮೂರೇ: 25 ವರ್ಷ ವಯಸ್ಸು, 7 ವರ್ಷದ ಪೌರತ್ವ, ಆರಿಸಿಬರುವ ರಾಜ್ಯದಲ್ಲಿ ವಾಸ. ಸೆನೆಟ್‌ಗೆ 30 ವರ್ಷ, 9 ವರ್ಷದ ಪೌರತ್ವ, ಮತ್ತೆ ಅದೇ ವಾಸ. ಈ ಪಟ್ಟಿಗೆ ಸದನ ತಾನಾಗಿ ನಾಲ್ಕನೆಯದನ್ನು ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ, ಹಾರ್ಲೆಮ್‌ನ ಸಂಸದ ಆ್ಯಡಮ್ ಕ್ಲೇಟನ್ ಪೊವೆಲ್ ಪ್ರಕರಣದಲ್ಲಿ ಹೇಳಿತ್ತು. ಹಾಗಾದರೆ ರಾಜ್ಯಗಳು ಸೇರಿಸಬಹುದೇ? ತೊಂಬತ್ತರ ದಶಕದ ಜಗಳವೆಲ್ಲ ಇದರ ಸುತ್ತಲೇ.

1990ರಲ್ಲಿ ಕೊಲರಾಡೊ ಮೊದಲು ತನ್ನ ಸಂಸದರಿಗೆ ಮಿತಿ ಹಾಕಿತು. 1992ರ ಒಂದೇ ನವೆಂಬರ್‌ನಲ್ಲಿ 14 ರಾಜ್ಯಗಳ ಮತದಾರರು ಅದೇ ದಾರಿ ಹಿಡಿದರು. 1995ರ ಹೊತ್ತಿಗೆ ಸಂಖ್ಯೆ 23ಕ್ಕೆ ಏರಿತ್ತು. ಇವುಗಳಲ್ಲಿ ಅರ್ಕಾನ್ಸಾಸ್ ತನ್ನ ರಾಜ್ಯ ಸಂವಿಧಾನಕ್ಕೆ ಮಾಡಿದ 73ನೇ ತಿದ್ದುಪಡಿಯ ಒಕ್ಕಣೆ ನೋಡುವಂಥದ್ದು. ಪ್ರತಿನಿಧಿ ಸಭೆಗೆ ಮೂರು ಸಲ, ಸೆನೆಟ್‌ಗೆ ಎರಡು ಸಲ ಗೆದ್ದವರು 'ಸ್ಪರ್ಧಿಸುವಂತಿಲ್ಲ' ಎಂದು ಅದು ಹೇಳಲಿಲ್ಲ. ಅಂಥವರ ಹೆಸರನ್ನು ಮತಪತ್ರದಲ್ಲಿ ಅಚ್ಚು ಹಾಕುವಂತಿಲ್ಲ ಎಂದಷ್ಟೇ ಹೇಳಿತು. ಅಮೆರಿಕದ ಬಹುತೇಕ ಮತಪತ್ರಗಳಲ್ಲಿ ಅಭ್ಯರ್ಥಿಗಳ ಹೆಸರಿನ ಕೆಳಗೆ ಒಂದು ಖಾಲಿ ಗೆರೆ ಇರುತ್ತದೆ. ಅಚ್ಚಾಗದ ಹೆಸರನ್ನು ಮತದಾರ ಅಲ್ಲಿ ಕೈಯಾರೆ ಬರೆಯಬಹುದು. ಆ ಗೆರೆ ಹಾಲಿ ಸಂಸದನಿಗೂ ತೆರೆದೇ ಇದೆ, ಆದ್ದರಿಂದ ಇದು ಹೊಸ ಅರ್ಹತೆಯಲ್ಲ, ಚುನಾವಣೆ ನಡೆಸುವ ವಿಧಾನವಷ್ಟೇ ಎಂಬುದು ರಾಜ್ಯದ ವಾದ.

1995ರ ಮೇ 22ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅವರ ತರ್ಕ ಹೀಗೆ: ಕಾಂಗ್ರೆಸ್ ಇಡೀ ರಾಷ್ಟ್ರದ ಸಭೆ, ಅದರ ಸದಸ್ಯರ ಅರ್ಹತೆಯನ್ನು ರಾಜ್ಯಕ್ಕೊಂದು ರೀತಿ ಮಾಡಲಾಗದು, ನೇರವಾಗಿ ಮಾಡಲಾಗದ್ದನ್ನು ಮತಪತ್ರದ ನೆಪದಲ್ಲೂ ಮಾಡಲಾಗದು. ಸಂವಿಧಾನ ಮೌನವಾಗಿರುವ ಕಡೆ ಅಧಿಕಾರ ಆಯಾ ರಾಜ್ಯದ ಜನರದ್ದೇ ಎಂದು ನ್ಯಾಯಮೂರ್ತಿ ಥಾಮಸ್ ಭಿನ್ನ ತೀರ್ಪು ಬರೆದರು. ಅದೇನೂ ಹಗುರ ವಾದವಲ್ಲ, ಇವತ್ತು ಓದಿದರೂ ತೂಕವಿದೆ. ಆದರೆ ಒಂದು ಮತದ ಅಂತರದಲ್ಲಿ 23 ರಾಜ್ಯಗಳ ಮಿತಿಗಳು ಒಟ್ಟಿಗೆ ಬಿದ್ದುಹೋದವು. ಮಿಷಿಗನ್ ಕೂಡ ಅವುಗಳಲ್ಲೊಂದು. ಡಿಂಗೆಲ್ 2015ರವರೆಗೂ ಮುಂದುವರಿಯಲು ಸಾಧ್ಯವಾದದ್ದು ಹೀಗೆ.

ಚಾಪೆ ಕೆಳಗೆ ತೂರಲಾಗದಿದ್ದರೆ ರಂಗೋಲಿ ಕೆಳಗೆ ತೂರಬೇಕು ಎಂದು ಮಿಸೌರಿ 1996ರಲ್ಲಿ ಬೇರೆ ಉಪಾಯ ಹೂಡಿತು. ಮಿತಿಯ ಪರ ಕೆಲಸ ಮಾಡದ ಸಂಸದರ ಹೆಸರಿನ ಪಕ್ಕದಲ್ಲೇ, ಅವಧಿ ಮಿತಿಯ ಬಗ್ಗೆ ಮತದಾರರ ಸೂಚನೆಯನ್ನು ಕಡೆಗಣಿಸಿದವರು ಎಂದು ಮತಪತ್ರದಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ನಿಯಮ. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹೊಡೆದುಹಾಕಿತು. ಅಲ್ಲಿಗೆ ರಾಜ್ಯಗಳ ದಾರಿ ಮುಚ್ಚಿತು.

ಉಳಿದದ್ದು ಸಂವಿಧಾನ ತಿದ್ದುಪಡಿ. ಲೆಕ್ಕ ಸರಳ: ಎಲ್ಲರೂ ಹಾಜರಿದ್ದು ಮತ ಹಾಕಿದರೆ ಪ್ರತಿನಿಧಿ ಸಭೆಯಲ್ಲಿ 290, ಸೆನೆಟ್‌ನಲ್ಲಿ 67 ಮತ, ಆಮೇಲೆ 50 ರಾಜ್ಯಗಳಲ್ಲಿ 38ರ ಒಪ್ಪಿಗೆ. ಅಧ್ಯಕ್ಷರ ಸಹಿ ಬೇಕಿಲ್ಲ. 13 ರಾಜ್ಯಗಳು ಸುಮ್ಮನೆ ಕೂತರೂ ಸಾಕು, ತಿದ್ದುಪಡಿ ನಿಲ್ಲುತ್ತದೆ. ಮಿತಿ ತರುತ್ತೇವೆ ಎಂದು ಹೇಳಿಯೇ 1994ರಲ್ಲಿ ಗೆದ್ದ ರಿಪಬ್ಲಿಕನ್ನರು 1995ರ ಮಾರ್ಚ್ 29ರಂದು ನಾಲ್ಕು ಕರಡುಗಳನ್ನು ಮತಕ್ಕೆ ಹಾಕಿದರು. ಹಿಂದಿನ ಸೇವೆಯನ್ನೂ ಎಣಿಸಿ ಹಾಲಿ ಸದಸ್ಯರಿಗೂ ಮಿತಿ ಅನ್ವಯಿಸಬೇಕು ಎಂಬ ಕರಡು ಸೋತಿತು. ಎರಡೂ ಸದನಗಳಿಗೆ 12 ವರ್ಷದ ಮಿತಿ ಹೇಳಿದ ಕೊನೆಯ ಕರಡಿಗೆ 227 ಪರ, 204 ವಿರೋಧ. ಬಹುಮತ ಬಂತು, ಬೇಕಾದಷ್ಟು ಬರಲಿಲ್ಲ. 1996ರಲ್ಲಿ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ಬೇಕಿದ್ದ 60ರಲ್ಲಿ 58 ಮಾತ್ರ ಸಿಕ್ಕಿತು. 1997ರಲ್ಲಿ ಪ್ರತಿನಿಧಿ ಸಭೆಯ ಎಣಿಕೆ 217ಕ್ಕೆ 211. ಕೂತ ಕೊಂಬೆಯನ್ನು ತಾವೇ ಕಡಿಯಿರಿ ಎಂದು 290 ಜನರನ್ನು ಒಪ್ಪಿಸುವುದು ಎಷ್ಟು ಕಷ್ಟವೆಂದು ಈ ಅಂಕಿಗಳಲ್ಲೇ ಕಾಣುತ್ತದೆ.

ಇನ್ನೊಂದು ಬಾಗಿಲಿದೆ. 34 ರಾಜ್ಯಗಳ ಶಾಸನಸಭೆಗಳು ಅರ್ಜಿ ಹಾಕಿದರೆ ತಿದ್ದುಪಡಿ ಸೂಚಿಸಲು ಸಮಾವೇಶ ಕರೆಯಲೇಬೇಕು. ಹಾಗೆ ಕರೆದ ಸಮಾವೇಶ ಈವರೆಗೆ ಒಂದೂ ನಡೆದಿಲ್ಲ. ಆದರೂ ಅದರ ಹೆದರಿಕೆಯೇ ಒಮ್ಮೆ ಕೆಲಸ ಮಾಡಿದೆ. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕು ಎಂಬ ಬೇಡಿಕೆಗೆ ಸೆನೆಟ್ ವರ್ಷಗಟ್ಟಲೆ ಅಡ್ಡ ನಿಂತಿತ್ತು. ರಾಜ್ಯಗಳ ಅರ್ಜಿಗಳು ಬೇಕಾದ ಸಂಖ್ಯೆಯ ಹತ್ತಿರ ಬರುತ್ತಿದ್ದಂತೆ ತಾನೇ ತಿದ್ದುಪಡಿ ಸೂಚಿಸಿತು. 1913ರ 17ನೇ ತಿದ್ದುಪಡಿ ಅದು. ಅವಧಿ ಮಿತಿಗೆ ಎಂದಾದರೂ ದಾರಿ ತೆರೆದರೆ ಹೀಗೆಯೇ ತೆರೆಯಬೇಕು.

'ಮೂರು ಅವಧಿ ಮುಗಿಸಿ ನಾನಾಗಿಯೇ ಇಳಿಯುತ್ತೇನೆ' ಎಂದು ಮಾತು ಕೊಡುವ ಅಭ್ಯರ್ಥಿಗಳನ್ನು ನಂಬಬಹುದೇ? ಆ ಮಾತಿಗೆ ಕಾನೂನಿನ ಬಲವಿಲ್ಲ. ವಾಷಿಂಗ್ಟನ್ ರಾಜ್ಯದ ಟಾಮ್ ಫೋಲಿ ಮೂವತ್ತು ವರ್ಷ ಸಂಸದರಾಗಿದ್ದು ಸ್ಪೀಕರ್ ಹುದ್ದೆಗೇರಿದವರು. ತಮ್ಮದೇ ರಾಜ್ಯದ ಮತದಾರರು ಒಪ್ಪಿದ ಮಿತಿಯ ವಿರುದ್ಧ ಕೋರ್ಟಿಗೆ ಹೋದರು, 1994ರಲ್ಲಿ ಸೋತರು. ಸೋಲಿಸಿದ ಜಾರ್ಜ್ ನೆದರ್‌ಕಟ್, ತನಗೆ ಮೂರೇ ಅವಧಿ ಸಾಕು ಎಂದು ಮಾತು ಕೊಟ್ಟಿದ್ದರು. 2000ದಲ್ಲಿ ಆ ಮಾತು ಮುರಿದು ಮತ್ತೆ ನಿಂತರು, ಮತದಾರರು ಮತ್ತೆ ಗೆಲ್ಲಿಸಿದರು.

ಮಿತಿ ನಿಜಕ್ಕೂ ಜಾರಿಯಲ್ಲಿರುವ ಕಡೆ ಏನಾಗುತ್ತದೆಂದು ನೋಡಲು ರಾಜ್ಯಗಳ ಶಾಸನಸಭೆಗಳಿಗೆ ಹೋಗಬೇಕು. ತಮ್ಮ ಶಾಸಕರಿಗೆ ಮಿತಿ ಹಾಕಲು ರಾಜ್ಯಗಳಿಗೆ ಅಡ್ಡಿಯಿಲ್ಲ, ಈಗ 16 ರಾಜ್ಯಗಳಲ್ಲಿ ಇದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್ ಶಾಸನಸಭೆಯಲ್ಲಿದ್ದಷ್ಟು ದಿನ ಈ ಮಿತಿಗೆ ಒಳಪಟ್ಟಿದ್ದರು. 2023ರ ಜನವರಿಯಲ್ಲಿ ಡೆಟ್ರಾಯಿಟ್ ಭಾಗದ ಸಂಸದರಾಗಿ ಹೋದ ದಿನದಿಂದ ಅವರಿಗೆ ಯಾವ ಮಿತಿಯೂ ಇಲ್ಲ.

ಮಿಷಿಗನ್ 1992ರಲ್ಲಿ ಹಾಕಿದ ಮಿತಿ ಬಹಳ ಬಿಗಿ: ಕೆಳಮನೆಯಲ್ಲಿ ಎರಡೆರಡು ವರ್ಷದ ಮೂರು ಅವಧಿ, ಒಟ್ಟು ಆರೇ ವರ್ಷ. 1998ರಲ್ಲಿ ಅದು ಮೊದಲ ಸಲ ಕಚ್ಚಿದಾಗ 110 ಸದಸ್ಯರ ಮನೆಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದೇ ಏಟಿಗೆ ಹೊರಬಿದ್ದರು. ಮೊದಲ ಅವಧಿಯಲ್ಲಿ ಬಜೆಟ್ ಪುಸ್ತಕ ಓದಲು ಕಲಿಯುವುದು, ಎರಡನೆಯದರಲ್ಲಿ ಒಂದಿಷ್ಟು ಕೆಲಸ, ಮೂರನೆಯದರಲ್ಲಿ ಮುಂದಿನ ಹುದ್ದೆಯ ಹುಡುಕಾಟ. ಹತ್ತು ವರ್ಷದ ಹಿಂದೆ ಇದೇ ಯೋಜನೆಗೆ ಹಣ ಕೊಟ್ಟು ಏನಾಯಿತು ಎಂದು ಇಲಾಖೆಯ ಮುಖ್ಯಸ್ಥರನ್ನು ಸಮಿತಿಯಲ್ಲಿ ಕೂರಿಸಿ ಕೇಳಬೇಕಾದವರಿಗೆ ಆ ಹತ್ತು ವರ್ಷ ಗೊತ್ತೇ ಇರುವುದಿಲ್ಲ. ಗೊತ್ತಿರುವುದು ಇಲಾಖೆಯವರಿಗೆ ಮತ್ತು ಲಾಬಿ ಮಾಡುವವರಿಗೆ. ಅವರಿಗೆ ಅವಧಿ ಮಿತಿ ಇಲ್ಲವಲ್ಲ!

ಫ್ಲಾರಿಡಾದಲ್ಲಿ ಮಿತಿ ಸತತ ಎಂಟು ವರ್ಷ. ಅಲ್ಲಿ ಸ್ಪೀಕರ್ ಆಗುವವರು ತಮ್ಮ ಕೊನೆಯ ಎರಡು ವರ್ಷ ಆ ಕುರ್ಚಿಯಲ್ಲಿರುತ್ತಾರೆ. ಹಾಗಾಗಿ ಆಳುವ ಪಕ್ಷದ ಹೊಸ ಶಾಸಕರ ತಂಡ, ಸದನದ ನಡಾವಳಿ ಸರಿಯಾಗಿ ಗೊತ್ತಾಗುವ ಮೊದಲೇ, ವರ್ಷಗಳ ಆಚೆಗೆ ತಮ್ಮಲ್ಲಿ ಯಾರು ಸ್ಪೀಕರ್ ಎಂದು ಗೊತ್ತು ಮಾಡಿಕೊಳ್ಳುತ್ತದೆ. ಆಗಿನ್ನೂ ಯಾರ ಕೆಲಸವನ್ನೂ ನೋಡಿರುವುದಿಲ್ಲ, ಯಾರು ಚುನಾವಣೆಗೆ ಹಣ ತರಬಲ್ಲರು ಎಂಬುದಷ್ಟೇ ಕಾಣುತ್ತಿರುತ್ತದೆ. ಕ್ಯಾಲಿಫೋರ್ನಿಯಾ 1990ರಲ್ಲಿ ಕೆಳಮನೆಗೆ 6, ಮೇಲ್ಮನೆಗೆ 8 ವರ್ಷ ಎಂದು ಬೇರೆಬೇರೆಯಾಗಿ ಎಣಿಸಿತ್ತು. ಬಂದವರಿಗೆಲ್ಲ ಇನ್ನೊಂದು ಮನೆಯ ಮೇಲೆ ಕಣ್ಣು. 2012ರಲ್ಲಿ ಅದನ್ನು ಬದಲಿಸಿ ಎಲ್ಲಿದ್ದರೂ ಸೇರಿ ಒಟ್ಟು 12 ವರ್ಷ ಎಂದು ಮಾಡಿತು. ಹತ್ತು ವರ್ಷದ ಮೇಲೆ, 2022ರಲ್ಲಿ, ಮಿಷಿಗನ್ ಮತದಾರರೂ ಅದೇ 12ಕ್ಕೆ ಬಂದರು. ಎರಡು ದೊಡ್ಡ ರಾಜ್ಯಗಳು ಬಿಗಿ ಮಿತಿಯನ್ನು ಅನುಭವಿಸಿ ನೋಡಿ ಒಂದೇ ಸಂಖ್ಯೆಗೆ ಬಂದು ನಿಂತಿವೆ, ನಮಗೂ ಅದೇ ಸರಿ ಎನಿಸುತ್ತದೆ.

ಬೇರೆ ದೇಶಗಳ ಪಾಠವೂ ಕಡಿಮೆಯದಲ್ಲ. ಮೆಕ್ಸಿಕೊ 1933ರಲ್ಲಿ ಸಂಸದರ ಸತತ ಮರು ಆಯ್ಕೆಯನ್ನೇ ನಿಷೇಧಿಸಿತು. ಪರಿಣಾಮ, ಸಂಸದನಿಗೆ ಮತದಾರನ ಬಳಿ ಮತ್ತೆ ಹೋಗುವ ಕೆಲಸವೇ ಇಲ್ಲ. ಮುಂದಿನ ಹುದ್ದೆ ಕೊಡುವ ಪಕ್ಷದ ಮುಖಂಡನೇ ದೊರೆ. 2014ರಲ್ಲಿ 12 ವರ್ಷದವರೆಗೆ ಅವಕಾಶ ಕೊಟ್ಟರು, 2025ರಲ್ಲಿ ಮತ್ತೆ ತಿದ್ದಿ 2030ರಿಂದ ಹಳೆಯ ನಿಷೇಧಕ್ಕೇ ಮರಳುತ್ತಿದ್ದಾರೆ. ಫಿಲಿಪೀನ್ಸ್‌ನಲ್ಲಿ 1987ರಿಂದ ಕೆಳಮನೆಗೆ ಸತತ ಮೂರು ಅವಧಿ ಮಾತ್ರ. ಅಲ್ಲಿ ಗಂಡನ ಅವಧಿ ಮುಗಿದರೆ ಹೆಂಡತಿ, ಅವಳದು ಮುಗಿದರೆ ಮಗ. ವ್ಯಕ್ತಿಗೆ ಹಾಕಿದ ಮಿತಿ ಮನೆತನಕ್ಕೆ ತಾಗುವುದಿಲ್ಲ.

ಆದ್ದರಿಂದ ಮಿತಿಯ ಯಾವ ಕರಡು ಕಣ್ಣಿಗೆ ಬಿದ್ದರೂ ಘೋಷಣೆ ಬಿಟ್ಟು ಸಣ್ಣಕ್ಷರ ಓದಿ. ಮಿತಿ ಸತತ ಅವಧಿಗೋ ಜೀವಮಾನಕ್ಕೋ? ಸತತ ಎಂದಿದ್ದರೆ ಒಂದು ಅವಧಿ ಬಿಟ್ಟು ಮತ್ತೆ ಬರಬಹುದು. ಈಗಾಗಲೇ ಕಳೆದ ವರ್ಷಗಳು ಎಣಿಕೆಗೆ ಸೇರುತ್ತವೆಯೇ? ಸೇರದಿದ್ದರೆ ಇಂದು ಮೂವತ್ತು ವರ್ಷ ಮುಗಿಸಿದವರಿಗೆ ಇನ್ನೂ ಹನ್ನೆರಡು ಸಿಗುತ್ತದೆ. ನಡುವೆ ಉಪಚುನಾವಣೆಯಲ್ಲಿ ಬಂದವರ ಅರ್ಧ ಅವಧಿಯನ್ನು ಹೇಗೆ ಎಣಿಸುವುದು? 22ನೇ ತಿದ್ದುಪಡಿ ಇದಕ್ಕೆ ಖಚಿತ ಗೆರೆ ಹಾಕಿದೆ: ಬೇರೆಯವರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅಧ್ಯಕ್ಷರಾಗಿದ್ದವರು ಆಮೇಲೆ ಒಂದೇ ಸಲ ಆರಿಸಿಬರಬಹುದು.

ಭಾರತದಲ್ಲಿ? ಇಲ್ಲೂ ಮಿತಿಯಿಲ್ಲ, ಆದರೆ ಬಾಗಿಲು ಅಮೆರಿಕದಷ್ಟು ಬಿಗಿಯಾಗಿಲ್ಲ. ನಮ್ಮ ಸಂವಿಧಾನದ 84ನೇ ವಿಧಿ ಪೌರತ್ವ, ವಯಸ್ಸು ಹೇಳಿದ ಮೇಲೆ, ಸಂಸತ್ತು ಕಾನೂನಿನ ಮೂಲಕ ವಿಧಿಸುವ ಇತರ ಅರ್ಹತೆಗಳು ಎಂದು ಸೇರಿಸಿದೆ. ಆ ದಾರಿಯಲ್ಲಿ ಸಂಸತ್ತು ಒಂದು ಮಸೂದೆಯಿಂದಲೇ ಮಿತಿ ತರಲು ಪ್ರಯತ್ನಿಸಬಹುದು. ಆದರೆ ಇಲ್ಲಿ ಅವಧಿಗಳನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಲೋಕಸಭೆ ಮಧ್ಯದಲ್ಲೇ ವಿಸರ್ಜನೆಯಾಗಬಹುದು. ಕೋಲಾರದ ಕೆ.ಎಚ್. ಮುನಿಯಪ್ಪ 1991, 1996, 1998, 1999, 2004, 2009, 2014ರಲ್ಲಿ ಸತತ ಏಳು ಸಲ ಗೆದ್ದು 2019ರಲ್ಲಿ ಸೋತರು. ಏಳು ಅವಧಿ ಎಂದರೆ 35 ವರ್ಷವಾಗಬೇಕಿತ್ತು, ಆದದ್ದು 28. ಮೂರು ಅವಧಿಯ ಮಿತಿ ಆಗ ಇದ್ದಿದ್ದರೆ 1998ರಲ್ಲಿ ಗೆದ್ದದ್ದೇ ಅವರ ಕೊನೆಯ ಅವಧಿ, 1999ರ ಚುನಾವಣೆಗೆ ಅವರು ನಿಲ್ಲುವಂತಿರಲಿಲ್ಲ. ಸಂಸತ್ತಿಗೆ ಬಂದು ಆಗಿನ್ನೂ ಎಂಟೇ ವರ್ಷ. ಇಲ್ಲಿ ಮಿತಿ ಬರೆಯುವವರು ಅವಧಿ ಬಿಟ್ಟು ವರ್ಷಗಳನ್ನೇ ಎಣಿಸಬೇಕಾಗುತ್ತದೆ.