ಮೊಂಡುತನಕ್ಕೆ ಎರಡು ಸಾವಿರ ರೂಪಾಯಿ

2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿಜಯ್ ಮಲ್ಯ ಅವರಿಗೆ ನಾಲ್ಕು ತಿಂಗಳ ಸಜೆ, 2,000 ರೂಪಾಯಿ ದಂಡ ವಿಧಿಸಿತು. ಕೋರ್ಟಿನ ಆದೇಶ ಮೀರಿ ಅವರು ಮಕ್ಕಳಿಗೆ ದಾಟಿಸಿದ್ದು 4 ಕೋಟಿ ಡಾಲರ್. ತಮಾಷೆಯೆನಿಸಿದರೂ ಕಾಯ್ದೆಯಲ್ಲಿ ಬರೆದಿರುವ ಗರಿಷ್ಠ ದಂಡವೇ ಅಷ್ಟು. 1926ರ ನ್ಯಾಯಾಂಗ ನಿಂದನೆ ಕಾಯ್ದೆ ಆರು ತಿಂಗಳವರೆಗೆ ಸಾದಾ ಸಜೆ, ಎರಡು ಸಾವಿರದವರೆಗೆ ದಂಡ ಎಂದಿತ್ತು. 1952ರಲ್ಲೊಂದು, 1971ರಲ್ಲೊಂದು ಹೊಸ ಕಾಯ್ದೆ ಬಂದರೂ ಮೊತ್ತ ಕದಲಲಿಲ್ಲ.

ನಿಂದನೆ ಎಂದರೆ ನ್ಯಾಯಾಧೀಶರನ್ನು ಬೈಯುವುದು ಎಂದೇ ಬಹಳ ಮಂದಿಯ ತಿಳಿವಳಿಕೆ. ಅದು ಕ್ರಿಮಿನಲ್ ನಿಂದನೆ. ಆದೇಶ ಪಾಲಿಸದೆ ಮೊಂಡು ಬೀಳುವುದು ಸಿವಿಲ್ ನಿಂದನೆ. ಹಳೆಯ ಕಾಯ್ದೆಗಳಲ್ಲಿ ವ್ಯಾಖ್ಯಾನವೇ ಇರಲಿಲ್ಲ. ಎಚ್.ಎನ್. ಸನ್ಯಾಲ್ ಸಮಿತಿ 1963ರಲ್ಲಿ ವರದಿ ಕೊಟ್ಟ ಮೇಲೆ, 1971ರ ಕಾಯ್ದೆ ಎರಡನ್ನೂ ಬೇರ್ಪಡಿಸಿತು. ತೀರ್ಪು, ಡಿಕ್ರಿ, ನಿರ್ದೇಶನಗಳನ್ನು ‘ಉದ್ದೇಶಪೂರ್ವಕವಾಗಿ’ ಉಲ್ಲಂಘಿಸುವುದು, ಬರೆದುಕೊಟ್ಟ ಮುಚ್ಚಳಿಕೆಯನ್ನು ಮುರಿಯುವುದು ಸಿವಿಲ್ ನಿಂದನೆಯಾಯಿತು.

ವಾದವೆಲ್ಲ ಆ ಒಂದು ಪದದ ಸುತ್ತಲೇ. ಮರೆವು, ಅಸಾಧ್ಯತೆ, ಆದೇಶದ ಅಸ್ಪಷ್ಟತೆ ಇವು ನಿಂದನೆಯಲ್ಲ. ಹಾಗಾಗಿ ಸರ್ಕಾರಿ ವಕೀಲರ ಬಾಯಲ್ಲಿ ಸದಾ ಒಂದೇ ಮಾತು: ಕಡತ ಹಣಕಾಸು ಇಲಾಖೆಯಲ್ಲಿದೆ, ಮೇಲ್ಮನವಿ ಹಾಕಿದ್ದೇವೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ತಡೆಯಾಜ್ಞೆ ಸಿಕ್ಕಂತಾಗದು ಎಂಬುದು ಅವರಿಗೂ ಗೊತ್ತು. ಇತ್ತ ಒಂದು ವರ್ಷದೊಳಗೆ ನಿಂದನಾ ಕ್ರಮ ಶುರುವಾಗದಿದ್ದರೆ ಕಾಲಮಿತಿ ಮೀರುತ್ತದೆ.

ನನ್ನ ಮಟ್ಟಿಗೆ ಈ ಕಾಯ್ದೆಯ ನಿಜವಾದ ಕಕ್ಷಿದಾರ ಸರ್ಕಾರವೇ. 1992ರ ಜುಲೈನಲ್ಲಿ ಅಯೋಧ್ಯೆಯಲ್ಲಿ ಕಟ್ಟೆ ನಿರ್ಮಾಣ ತಡೆಯದ ಉತ್ತರ ಪ್ರದೇಶದ ಆಗಿನ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ಅವರಿಗೆ 1994ರಲ್ಲಿ ಒಂದು ದಿನದ ಸಜೆಯಾಯಿತು, ಜೊತೆಗೆ ಅದೇ ಎರಡು ಸಾವಿರ ದಂಡ. ಮರುವರ್ಷ ಕರ್ನಾಟಕದ ಸರದಿ. ಎಂಜಿನಿಯರೊಬ್ಬರ ಬಡ್ತಿ ಕುರಿತ ಆದೇಶ ಜಾರಿಮಾಡದ್ದಕ್ಕೆ ಹಿರಿಯ ಐಎಎಸ್ ಅಧಿಕಾರಿ ಜೆ. ವಾಸುದೇವನ್ ಅವರಿಗೆ ಸುಪ್ರೀಂ ಕೋರ್ಟ್ ಒಂದು ತಿಂಗಳ ಸಜೆ ವಿಧಿಸಿತು. ಬಡ್ತಿಯ ಕಡತಕ್ಕಾಗಿ ಹಿರಿಯ ಅಧಿಕಾರಿ ಜೈಲಿಗೆ ಹೋಗಬಹುದೆಂದು ವಿಧಾನಸೌಧ ಅಲ್ಲಿಯವರೆಗೆ ಎಣಿಸಿರಲಿಕ್ಕಿಲ್ಲ.

ಕಾವೇರಿಯದು ಇನ್ನೂ ಜಟಿಲ. 2002ರಲ್ಲಿ ನೀರು ನಿಲ್ಲಿಸಿದ್ದಕ್ಕೆ ಎಸ್.ಎಂ. ಕೃಷ್ಣ ಅವರು ಕೊನೆಗೆ ಬೇಷರತ್ ಕ್ಷಮೆ ಕೇಳಬೇಕಾಯಿತು. ಕ್ಷಮೆ ಪ್ರಾಮಾಣಿಕವೆಂದು ಕೋರ್ಟಿಗೆ ಅನ್ನಿಸಿದರೆ ಶಿಕ್ಷೆ ಕೈಬಿಡಲು ಕಾಯ್ದೆಯಲ್ಲೇ ಅವಕಾಶವಿದೆ. 2016ರಲ್ಲಿ ದಾರಿ ಬೇರೆಯಾಯಿತು. ದಿನಕ್ಕೆ 6,000 ಕ್ಯುಸೆಕ್ ಬಿಡಬೇಕೆಂಬ ಆದೇಶದ ಬೆನ್ನಿಗೇ, ಸೆಪ್ಟೆಂಬರ್ 23ರಂದು ವಿಧಾನಮಂಡಲ, ಇರುವ ನೀರು ಕುಡಿಯಲು ಮಾತ್ರ ಎಂದು ನಿರ್ಣಯ ಮಾಡಿತು. ಸಿದ್ದರಾಮಯ್ಯ ಸರ್ಕಾರದ ವಾದ ಇಷ್ಟೇ: ಧಿಕ್ಕರಿಸುತ್ತಿಲ್ಲ, ಸದನಕ್ಕೆ ಬದ್ಧರಾಗಿದ್ದೇವೆ. ಸುಪ್ರೀಂ ಕೋರ್ಟ್ ಪಟ್ಟು ಸಡಿಲಿಸಲಿಲ್ಲ. ಅಕ್ಟೋಬರ್ 3ರಂದು ವಿಧಾನಮಂಡಲ ಮತ್ತೆ ಸೇರಿ ಇನ್ನೊಂದು ನಿರ್ಣಯ ಅಂಗೀಕರಿಸಿತು, ನೀರು ಹರಿಯಿತು. ನಿಂದನೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.